ಉಮ್ಮತ್ತೂರಿಗೆ ಎಷ್ಟಕ್ಷರ?

ಚಾಮರಾಜನಗರ ಸೀಮೆಯ ಯಾವ ಶಾಲೆಮಗುವನ್ನು ಕೇಳಿದ್ರೂ ‘ಉಮ್ಮತ್ತೂರು’ ಅನ್ನೋದಕ್ಕೆ ನಾಲ್ಕಕ್ಷರ ಅಂತ ಬೆರಳು ಮಡಚಿ ಹೇಳುತ್ತೆ: ಉ, ಮ್ಮ, ತ್ತೂ, ರು. ಮೊನ್ನೆ ಕನ್ನಡ ವಿಕಿಪೀಡಿಯದ ಮಾಡ್ಯೂಲ್ ಪುಟದ ಕೆಳಗಿರುವ ಡಿಬಗ್ ಕನ್ಸೋಲಿಗೆ ಇದೇ ಪ್ರಶ್ನೆ ಹಾಕಿದೆ. ಒಂದು ಲೈಬ್ರರಿ ಮೂವತ್ತು ಅಂತು, ಇನ್ನೊಂದು ಹತ್ತು ಅಂತು. ನಾಲ್ಕು ಅಂತ ಯಾವುದೂ ಹೇಳಲಿಲ್ಲ.

ಗೊತ್ತಿಲ್ಲದವರಿಗೆ: 2013ರಿಂದ ವಿಕಿಪೀಡಿಯದ ಟೆಂಪ್ಲೇಟುಗಳ ಹಿಂದೆ ಲುವಾ ಅನ್ನೋ ಬ್ರೆಜಿಲ್ ಮೂಲದ ಪುಟ್ಟ ಭಾಷೆ ದುಡಿಯುತ್ತಿದೆ. ಅದನ್ನು ಬೇಲಿಯೊಳಗೇ ಓಡಿಸೋದು ಸ್ಕ್ರಿಬುಂಟೊ ಎಂಬ ವಿಸ್ತರಣೆ. ಯಾರು ಬೇಕಾದ್ರೂ ಕೋಡ್ ಬರೆಯುವ ಜಾಗ, ಹಾಗಾಗಿ ಕಡತ ತೆರೆಯುವ ‘ಐಓ’ ಲೈಬ್ರರಿ ಇಲ್ಲ, ಪಠ್ಯವನ್ನೇ ಕೋಡಾಗಿ ಓಡಿಸುವ ‘ಲೋಡ್‌ಸ್ಟ್ರಿಂಗ್’ ಇಲ್ಲ. ‘ರಿಕ್ವೈರ್’ ಅಂದ್ರೆ ಅದೇ ವಿಕಿಯ ಇನ್ನೊಂದು ಮಾಡ್ಯೂಲ್ ಪುಟ, ಇಲ್ಲವೇ ಸ್ಕ್ರಿಬುಂಟೊ ಜತೆಗೇ ಬಂದ ಕೆಲವು ಲೈಬ್ರರಿ, ಅಷ್ಟೆ. ಬರೀ ದತ್ತಾಂಶದ ಪಟ್ಟಿಯಾದರೆ ‘ಲೋಡ್‌ಡೇಟಾ’ ವಾಸಿ. ಅದನ್ನು ಪುಟಕ್ಕೊಮ್ಮೆ ಓದಿದರೆ ಸಾಕು. ರಿಕ್ವೈರ್ ಮಾಡಿದ್ದು ಪ್ರತಿ ಇನ್ವೋಕ್‌ಗೂ ಮತ್ತೆ ಓಡುತ್ತೆ. ಈ ಬೇಲಿಯ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಬೇಲಿಯೊಳಗಿನ ಸರಕಿನ ಬಗ್ಗೆ. ಲುವಾದ ಮೂಲ ‘ಸ್ಟ್ರಿಂಗ್’ ಲೈಬ್ರರಿ ಬೈಟ್ ಎಣಿಸುತ್ತೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಅದಕ್ಕೇ ಮೂವತ್ತು. ಸ್ಕ್ರಿಬುಂಟೊ ಕೊಡುವ ‘ಯುಸ್ಟ್ರಿಂಗ್’ ಯುನಿಕೋಡ್ ಸಂಕೇತ ಎಣಿಸುತ್ತೆ: ವ್ಯಂಜನ ಬೇರೆ, ವಿರಾಮ ಬೇರೆ, ಕೊಂಬು ಬೇರೆ, ಒಟ್ಟು ಹತ್ತು. ಅಕ್ಷರ ಎಣಿಸೋರು ಅಲ್ಲಿ ಯಾರೂ ಇಲ್ಲ.

ಎಣಿಕೆಗಿಂತ ಕೆಟ್ಟದ್ದು ಹುಡುಕಾಟ. ‘ಅಕ್ಷರಗಳ ಸಾಲು’ ಹುಡುಕಲು ಪರ್ಸೆಂಟ್-ಎ ಅನ್ನೋ ನಮೂನೆ ಬಳಸ್ತೀವಲ್ಲ, ಯುಸ್ಟ್ರಿಂಗ್‌ನಲ್ಲಿ ಅದಕ್ಕೆ ಸ್ವರ ವ್ಯಂಜನಗಳಷ್ಟೇ ಅಕ್ಷರ. ವಿರಾಮ, ಕೊಂಬು ಲೆಕ್ಕಕ್ಕಿಲ್ಲ. ಹಾಗಾಗಿ ಉಮ್ಮತ್ತೂರು ‘ಉಮ’, ‘ಮತ’, ‘ತ’, ‘ರ’ ಅಂತ ತುಂಡಾಗುತ್ತೆ. ಕೃಷ್ಣದೇವರಾಯ ದಂಡೆತ್ತಿ ಬಂದಾಗಲೂ ಊರು ಇಷ್ಟು ಚೂರಾಗಿರಲಿಕ್ಕಿಲ್ಲ. (ತುಂಡು ನಾಲ್ಕೇ ಅನ್ನೋದು ಬರೀ ಅಣಕ.)

ಇದು ಯಾಕೆ ಕಣ್ಣಿಗೆ ಬೀಳಲ್ಲ ಅಂದ್ರೆ, ಇಂಗ್ಲಿಷ್ ವಿಕಿಯಿಂದ ಮಾಡ್ಯೂಲ್ ಎತ್ತಿ ತರೋದು ನಮ್ಮ ರೂಢಿ. ಒಂದನ್ನು ತಂದರೆ ಅದು ಕರೆಯುವ ಇನ್ನೊಂದು ಬೇಕು, ಅದಕ್ಕೆ ಮತ್ತೊಂದು. ಎಲ್ಲ ಬರೋವರೆಗೂ ಪುಟದಲ್ಲಿ ಕೆಂಪು ಬಣ್ಣದ ದೋಷ. ಕೆಂಪು ಹೋಯ್ತೋ, ಕೆಲಸ ಮುಗೀತು ಅಂದ್ಕೊಂಡು ಎದ್ದು ಹೋಗ್ತೀವಿ. ನಾನೂ ಹಾಗೇ ಎಷ್ಟೋ ಸಲ ಎದ್ದು ಹೋಗಿದ್ದೀನಿ. ತಪ್ಪಾಗಿ ತುಂಡು ಮಾಡಿದ್ದಕ್ಕೆ ಕೆಂಪು ಬರಲ್ಲ ನೋಡಿ.

ಕನ್ನಡಕ್ಕೆ ಬೇಕಿರೋದು ಅಕ್ಷರ ಎಣಿಸುವ ಒಂದು ಸಣ್ಣ ಮಾಡ್ಯೂಲ್. ವಿರಾಮದ ಮುಂದೆ ವ್ಯಂಜನ ಬಂದರೆ ಕೂಡಿಸು, ಸ್ವರಚಿಹ್ನೆಯನ್ನು ಹಿಂದಿನದಕ್ಕೆ ಅಂಟಿಸು. ಚಿಹ್ನೆಗಳ ಪಟ್ಟಿ ಲೋಡ್‌ಡೇಟಾದಲ್ಲಿರಲಿ. ತೊಡಕು ಬರೋದು ‘ರಾಜ್‌ಕುಮಾರ್’ ಥರದ ಹೆಸರಲ್ಲಿ. ನಡುವೆ ಕೂಡದಿರಲಿ ಅಂತ ಹಾಕಿದ ಕಣ್ಣಿಗೆ ಕಾಣದ ಗುರುತು, ಕೊನೆಗೆ ಬರೀ ‘ರ್’. ಮುದ್ರಕರಿಗೆ ಅದು ಐದು ಅಕ್ಷರ, ಛಂದಸ್ಸಿನ ಮೇಷ್ಟ್ರಿಗೆ ಮೂರೇ. ಯಾವ ಲೆಕ್ಕ ಹಿಡಿಯಬೇಕು ಅಂತ ಇಂಗ್ಲಿಷ್ ಮಾಡ್ಯೂಲ್‌ನ ಕೇಳೋಕಾಗಲ್ಲ.