ಒಂದು ಟ್ವೀಟು, ಊರೆಲ್ಲ ಓದುಗರು

2012ರ ಅಕ್ಟೋಬರ್. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಬೆಂಚು ಕಾಯುತ್ತಿದ್ದ ಕಾರ್ಡೇಲ್ ಜೋನ್ಸ್ ಎಂಬ ಇಪ್ಪತ್ತರ ಹುಡುಗ ಟ್ವಿಟರಿನಲ್ಲಿ ಒಂದು ಮಾತು ಹಾಕಿದ. ಕನ್ನಡಕ್ಕೆ ತಂದರೆ ಹೆಚ್ಚೂಕಡಿಮೆ ಹೀಗೆ: ಫುಟ್‌ಬಾಲ್ ಆಡೋಕೆ ಅಂತ ಬಂದವರು ನಾವು, ಕ್ಲಾಸಿಗೆ ಯಾಕೆ ಹೋಗ್ಬೇಕು? ಸ್ಕೂಲ್ ಆಡೋಕೆ ಬಂದಿಲ್ಲ, ಕ್ಲಾಸೆಲ್ಲ ದಂಡ. ‘ಫುಟ್‌ಬಾಲ್’, ‘ಸ್ಕೂಲ್’, ‘ದಂಡ’ ಮೂರನ್ನೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದಿದ್ದ. ನಮ್ಮ ಲಿಪಿಯಲ್ಲಿ ಆ ಸೌಕರ್ಯ ಇಲ್ಲ. ಮೇಜು ಗುದ್ದಿದ ಸದ್ದನ್ನು ಓದುಗರೇ ಸೇರಿಸಿಕೊಳ್ಳಬೇಕು.

ಅವನೇನೋ ಅಳಿಸಿದ. ಅಷ್ಟರಲ್ಲಿ ಅದು ದೇಶವೆಲ್ಲ ಸುತ್ತಿ ಬಂದಿತ್ತು. ಎದುರಾಳಿ ತಂಡಗಳವರಿಗೆ ಹಬ್ಬ, ಸ್ವಂತ ತಂಡದವರಿಗೆ ಮನೆ ಮರ್ಯಾದೆ ಹೋದ ಸಂಕಟ. ದಡ್ಡ, ದುರಹಂಕಾರಿ, ಸ್ಕಾಲರ್‌ಶಿಪ್ಪಿನ ಋಣ ತಿಳಿಯದವ. ಒಂದೂ ಪಂದ್ಯದಲ್ಲಿ ಮೊದಲಿಂದ ಆಡಿರದ ಹುಡುಗನಿಗೆ ಇಷ್ಟೊಂದು ಬಿರುದು.

ಸಿಟ್ಟಾಗುವವರ ಸಿಟ್ಟಿಗಿಂತ ಅವರು ಓದಿದ ರೀತಿ ನನಗೆ ಹೆಚ್ಚು ಕುತೂಹಲದ್ದು. ‘ಸ್ಕೂಲ್ ಆಡೋದು’ ಎಂಬ ಪ್ರಯೋಗವನ್ನೇ ನೋಡಿ. ನಮ್ಮ ಮಕ್ಕಳು ಟೀಚರ್ ಆಟ ಆಡುತ್ತವಲ್ಲ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗೀಚಿ, ಸ್ಕೇಲು ಹಿಡಿದು ಗೋಡೆಗೆ ಗದರಿಸುತ್ತಾ. ಅದೇ ಅದು. ಆಟಗಾರರ ಪಾಲಿಗೆ ತರಗತಿಯೆಂಬುದು ಹಾಗೊಂದು ಆಟವಾಗಿಬಿಟ್ಟಿದೆ ಎಂಬ ಅರ್ಥ ಆ ಸಾಲಿನೊಳಗೇ ಕೂತಿತ್ತು. ಹುಡುಗ ಬೇಕೆಂದೇ ಇಟ್ಟನೋ, ಬಾಯ್ತಪ್ಪಿ ಬಂತೋ, ಎರಡೂ ಇರಬಹುದು. ಆಗಿನ ನಿಯಮದಂತೆ ಆಟಗಾರನಿಗೆ ಸ್ಕಾಲರ್‌ಶಿಪ್ಪಿನಾಚೆ ಸಂಬಳವಿಲ್ಲ. ಅವನ ಕೋಚ್ ಅರ್ಬನ್ ಮೇಯರ್‌ಗೆ ವರ್ಷಕ್ಕೆ 40 ಲಕ್ಷ ಡಾಲರ್ ಆಸುಪಾಸು. ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಮಿಕ್ಕಿ ಸೀಟು. ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಜೋಡಿಪದವನ್ನೇ ಕಾಲೇಜು ಕ್ರೀಡೆಗಳ ಒಡೆಯ ಸಂಸ್ಥೆಯಾದ ಎನ್‌ಸಿಎಎ 1950ರ ದಶಕದಲ್ಲಿ ಚಾಲ್ತಿಗೆ ತಂದದ್ದು ಗಾಯಾಳು ಆಟಗಾರರು ಕಾರ್ಮಿಕರಂತೆ ಪರಿಹಾರ ಕೇಳದಿರಲೆಂದು. ಅದರ ಮುಖ್ಯಸ್ಥರಾಗಿದ್ದ ವಾಲ್ಟರ್ ಬೈಯರ್ಸ್ ಮುಂದೆ ತಾವೇ ಇದನ್ನು ಬರೆದುಕೊಂಡರು. ಅಂಥ ಪದದ ನಡುವಿನ ಅಡ್ಡಗೆರೆಗೆ ಜೋನ್ಸ್ ಕೈ ಹಾಕಿದ್ದ. ಶನಿವಾರದ ಪಂದ್ಯಕ್ಕೆ ಟಿಕೆಟ್ ಕೊಂಡವರಿಗೆ ಅದನ್ನು ಕೇಳಿಸಿಕೊಳ್ಳುವ ಮನಸ್ಸೆಲ್ಲಿ? ಹುಡುಗರ ಅಂಕಪಟ್ಟಿ ಕೇಳಿ ಯಾರೂ ಟಿಕೆಟ್ ಕೊಂಡಿರಲಿಲ್ಲ ಎಂಬುದು ಬೇರೆ ಮಾತು.

ಆಮೇಲಿನದು ಅಭಿಮಾನಿಗಳೇ ಬರೆದುಕೊಟ್ಟ ಸಾಕ್ಷ್ಯ. 2014ರ ಋತುವಿನಲ್ಲಿ ಅವನಿಗಿಂತ ಮುಂದಿದ್ದ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳೂ, ಅಂದರೆ ತಂಡದ ಆಟ ನಡೆಸುವವರು, ಗಾಯಗೊಂಡು ಜೋನ್ಸ್‌ಗೆ ಸರದಿ ಬಂತು. ವಿಸ್ಕಾನ್ಸಿನ್ ವಿರುದ್ಧ 59-0, ಅಲಬಾಮಾ ವಿರುದ್ಧ 42-35, 2015ರ ಜನವರಿ 12ರ ಫೈನಲಿನಲ್ಲಿ ಆರೆಗಾನ್ ವಿರುದ್ಧ 42-20. ರಾಷ್ಟ್ರೀಯ ಪ್ರಶಸ್ತಿ. ಮಾನ ಕಳೆದಿದ್ದ ಆ ಸಾಲು ರಾತ್ರೋರಾತ್ರಿ ಮುದ್ದಿನ ಜೋಕಾಯಿತು. ಒಂದಕ್ಷರ ಬದಲಾಗಿರಲಿಲ್ಲ, ಬದಲಾದದ್ದು ಸ್ಕೋರು.

ಈ ಓದು ಇನ್ನಷ್ಟು ಕೆಳಗಿಳಿಯಬಲ್ಲದು. 2018ರ ಏಪ್ರಿಲಿನಲ್ಲಿ ವಿಲನೋವಾ ವಿಶ್ವವಿದ್ಯಾಲಯದ ಡಾಂಟೆ ಡಿವಿನ್ಚೆಂಝೊ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲಿನಲ್ಲಿ 31 ಅಂಕ ಗಳಿಸಿದ ರಾತ್ರಿಯೇ ಅವನ ಹಳೆಯ ಟ್ವೀಟುಗಳನ್ನು ಅಗೆದರು. ಅದೇ ಡಿಸೆಂಬರಿನಲ್ಲಿ ಕೈಲರ್ ಮರ್ರೇ ಕಾಲೇಜು ಫುಟ್‌ಬಾಲಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಎತ್ತಿದಾಗ ಅವನ ಹೈಸ್ಕೂಲು ದಿನಗಳದನ್ನು. ಮರ್ರೇ ಬರೆದಿದ್ದು ಒಂದು ಸಮುದಾಯವನ್ನು ಬೈಯುವ ಕೆಟ್ಟ ಮಾತೇ. ಅವನು ಕ್ಷಮೆ ಕೇಳಿದ್ದೂ ಸರಿಯೇ. ಆದರೆ ವರ್ಷಗಟ್ಟಲೆ ಯಾರನ್ನೂ ನೋಯಿಸದೆ ಬಿದ್ದಿದ್ದ ಮಾತು ಟ್ರೋಫಿ ಎತ್ತಿದ ಗಳಿಗೆಯಲ್ಲೇ ಯಾಕೆ ನೋಯಿಸಬೇಕು? ಬೈಗುಳಕ್ಕೆ ಗುರಿಯಾದ ಸಮುದಾಯದ ಮೇಲಿನ ಕಾಳಜಿ ಅಷ್ಟು ಕರಾರುವಾಕ್ಕಾಗಿ ಕ್ಯಾಲೆಂಡರ್ ನೋಡುವುದಿಲ್ಲ.

ಆಟಗಾರ ಏನೂ ಬರೆಯದಿದ್ದರೂ ಬಿಡುಗಡೆಯಿಲ್ಲ. 2013ರ ನವೆಂಬರಿನಲ್ಲಿ ಆಬರ್ನ್ ವಿರುದ್ಧ ಅಲಬಾಮಾ ಸೋತಾಗ ಕಿಕ್ಕರ್ ಕೇಡ್ ಫಾಸ್ಟರ್‌ಗೆ ಟ್ವಿಟರಿನಲ್ಲಿ ಕೊಲೆ ಬೆದರಿಕೆಗಳೇ ಬಂದವು. ಅವನ ಜೆರ್ಸಿ ಸಂಖ್ಯೆ 43. ಅಮೆರಿಕದ 43ನೇ ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಕೈಬರಹದಲ್ಲೇ ಸಮಾಧಾನದ ಪತ್ರ ಬರೆದರು. ಬುಷ್ ಅವರ ಎಷ್ಟೋ ನಿರ್ಧಾರಗಳನ್ನು ಒಪ್ಪದ ನನಗೂ ಆ ಕಾಗದದ ಬಗ್ಗೆ ಗೌರವವಿದೆ. ಇದನ್ನು ಓದಿ ‘ಅಮೆರಿಕದವರೇ ಹಂಗೆ’ ಎನ್ನುವ ಮುಂಚೆ 2023ರ ಮೇ ತಿಂಗಳ ಬೆಂಗಳೂರನ್ನು ನೆನೆಯೋಣ. ಶುಭ್‌ಮನ್ ಗಿಲ್ ಶತಕ ಹೊಡೆದು ಆರ್‌ಸಿಬಿಯನ್ನು ಮನೆಗೆ ಕಳಿಸಿದ್ದಕ್ಕೆ ಬೈಗುಳ ಹೋಗಿ ಬಿದ್ದದ್ದು ಅವರ ಸೋದರಿಯ ಇನ್‌ಸ್ಟಾಗ್ರಾಂ ಪುಟಕ್ಕೂ.

2021ರ ಜುಲೈಯಿಂದ ಅಲ್ಲಿನ ಕಾಲೇಜು ಆಟಗಾರರು ತಮ್ಮ ಹೆಸರು, ಮುಖಗಳಿಂದ ದುಡ್ಡು ಮಾಡಬಹುದು. ಪೋಸ್ಟು ಈಗ ಸರಕೂ ಹೌದು. ಹಾಗಾಗಿ ತೊಳೆದು, ಇಸ್ತ್ರಿ ಮಾಡಿ ಹಾಕುತ್ತಾರೆ. ಪ್ರೊಫೈಲಿನಿಂದ ತಂಡದ ಹೆಸರು ಮಾಯವಾದರೆ ಸಾಕು, ಹುಡುಗ ಬೇರೆ ಕಾಲೇಜಿಗೆ ಹೊರಟ ಎಂದು ಅಭಿಮಾನಿಗಳು ಕವಡೆ ಹಾಕಿ ನೋಡುತ್ತಾರೆ. ಜೋನ್ಸ್ ಬರೆದಂಥ ಒರಟು, ನೇರ ಸಾಲು ಅಲ್ಲಿ ಇನ್ನು ಹುಟ್ಟುವುದು ಕಷ್ಟ. ನನಗದು ನಷ್ಟವೆಂದೇ ಅನಿಸುತ್ತದೆ.

ಜೋನ್ಸ್ ಪ್ರಶಸ್ತಿ ಗೆದ್ದ ವಾರವೇ, ವೃತ್ತಿಪರ ಫುಟ್‌ಬಾಲ್ ಲೀಗಾದ ಎನ್‌ಎಫ್‌ಎಲ್ ಕರೆಯುತ್ತಿದ್ದರೂ, ಕಾಲೇಜಿನಲ್ಲೇ ಉಳಿಯುತ್ತೇನೆ ಅಂದ. ಪದವಿ ಮುಗಿದದ್ದು 2017ರಲ್ಲಿ. ಆ ದಿನದ ಕಪ್ಪು ಚೌಕ ಟೋಪಿಯ ಮೇಲೆ ಅದೇ ಹಳೆಯ ಸಾಲು: ಸ್ಕೂಲ್ ಆಡೋಕೆ ಬಂದಿಲ್ಲ ಅಂತ ಯಾರೋ ಒಮ್ಮೆ ಅಂದಿದ್ದರಂತೆ. ಆ ‘ಯಾರೋ’ ಎಂಬುದರ ಇಂಗ್ಲಿಷ್ ಪದದ ಕಾಗುಣಿತವನ್ನೂ ಬೇಕೆಂದೇ ಕೆಡಿಸಿ, ಕೊನೆಗೊಂದು 1 ಅಂಕಿ ಇಟ್ಟಿದ್ದ.