ಜೋಡಿ ಎಂಜಿನ್ನಿನ ಲೆಕ್ಕಾಚಾರ

1989ರಲ್ಲಿ ಬಂದ ಎರಡನೇ ತಲೆಮಾರಿನ ಟೊಯೋಟಾ ಎಂಆರ್2 ಟರ್ಬೊದಲ್ಲಿ ಎಂಜಿನ್ ಇರುವುದು ಸೀಟಿನ ಬೆನ್ನಿಗೆ. ಮುಂದಿನ ಬಾನೆಟ್ ಎತ್ತಿದರೆ ಕಾಣುವುದು ಸ್ಟೆಪ್ನಿ. ಆ ಜಾಗದಲ್ಲಿ ಇನ್ನೊಂದು ಎಂಜಿನ್ ಕೂರಿಸಿದರೆ ಹೇಗೆ ಎಂದು ಯೋಚಿಸುವ ಒಂದು ಜಾತಿಯ ಜನರಿದ್ದಾರೆ. ನನಗೆ ಅವರ ಮೇಲೆ ಪ್ರೀತಿ.

ಹುಚ್ಚು ಹಳೆಯದೇ. 1935ರಲ್ಲಿ ಎಂಜೊ ಫೆರಾರಿಯ ತಂಡಕ್ಕಾಗಿ ಲುಯಿಜಿ ಬಾಟ್ಸಿ ರೂಪಿಸಿದ ಆಲ್ಫಾ ರೋಮಿಯೊ ಬಿಮೋಟೊರೆಯಲ್ಲಿ ಚಾಲಕನ ಮುಂದೊಂದು, ಹಿಂದೊಂದು ಎಂಜಿನ್. ರೇಸ್ ಚಾಲಕ ನುವೊಲಾರಿ ಅದನ್ನು ಗಂಟೆಗೆ 320 ಕಿ.ಮೀ. ದಾಟಿಸಿದ, ರೇಸಿನಲ್ಲಿ ಮಾತ್ರ ಅದು ಟೈರುಗಳನ್ನು ನುಂಗಿಹಾಕಿತು. 1987ರಲ್ಲಿ ಫೋಕ್ಸ್‌ವ್ಯಾಗನ್, ಎರಡು ಟರ್ಬೊ ಎಂಜಿನ್ನುಗಳ ಗಾಲ್ಫನ್ನು ಅಮೆರಿಕದ ಪೈಕ್ಸ್ ಪೀಕ್ ಬೆಟ್ಟಕ್ಕೆ ಹತ್ತಿಸಹೊರಟಿತು. ಒಟ್ಟು 652 ಅಶ್ವಶಕ್ತಿ. ತುದಿ ಇನ್ನೇನು ಬಂತು ಎನ್ನುವಾಗ ಕಾರು ನಿಂತುಹೋಯಿತು.

ಆದ್ದರಿಂದ ಶಕ್ತಿಯ ಲೆಕ್ಕ ಆಮೇಲೆ, ಮೊದಲು ಗಿಯರ್. ಜೋಡೆತ್ತಿಗಾದರೆ ನೊಗವಿದೆ. ಇಂಥ ಕಾರಿನಲ್ಲಿ ಎರಡು ಎಂಜಿನ್ನುಗಳನ್ನು ಕೂಡಿಸುವುದು ರಸ್ತೆಯೊಂದೇ. ಟೈರಿನ ಅಳತೆಯೋ ಗಿಯರ್ ಅನುಪಾತವೋ ಬೇರೆಯಾದರೆ, ಕೆಂಪು ಗೆರೆಯನ್ನು ಮೊದಲು ಮುಟ್ಟುವ ಎಂಜಿನ್ನೇ ಇಡೀ ಕಾರಿಗೆ ಮಿತಿ. ಒಂದೇ ಪೆಡಲ್ ಎರಡು ಕ್ಲಚ್ ಬಿಡಿಸಬೇಕು, ಒಂದೇ ಲಿವರ್ ಎರಡು ಗಿಯರ್‌ಬಾಕ್ಸ್ ಬದಲಿಸಬೇಕು. ರೇಡಿಯೇಟರ್, ಸ್ಟೀರಿಂಗ್ ರ‍್ಯಾಕ್, ಸ್ಪ್ರಿಂಗ್, ಬ್ರೇಕು ಎಲ್ಲಕ್ಕೂ ಹೊಸ ಲೆಕ್ಕ.

ನಿಜವಾದ ತಲೆನೋವು ಟರ್ಬೊ. ಅದಕ್ಕೆ ಉಸಿರು ತುಂಬಿಕೊಳ್ಳಲು ಒಂದು ಗಳಿಗೆ ಬೇಕು, ಮತ್ತು ಎರಡು ಟರ್ಬೊಗಳು ಒಟ್ಟಿಗೇ ಉಸಿರು ತುಂಬಿಕೊಳ್ಳುತ್ತವೆಂಬ ಭರವಸೆಯಿಲ್ಲ. ತಿರುವಿನ ನಡುವೆ ಮುಂದಿನದು ಮೊದಲು ಎದ್ದರೆ ಕಾರಿನ ಮೂತಿ ಹೊರಕ್ಕೆ ಹೋಗುತ್ತದೆ. ಹಿಂದಿನದು ಎದ್ದರೆ ಬಾಲ ಬೀಸುತ್ತದೆ. ಎರಡೂ ಕಡೆ ಟರ್ಬೊ ಇಡುವ ಆಸೆಯನ್ನು ಕಾಗದದ ಮೇಲೇ ಬಿಡುವುದು ಒಳ್ಳೆಯದು. ನನ್ನ ಮತ ಮುಂದುಗಡೆ ಟರ್ಬೊ ಇಲ್ಲದ 3ಎಸ್-ಜಿಇ ಎಂಜಿನ್ನಿಗೆ. ಹಿಂದಿರುವ 3ಎಸ್-ಜಿಟಿಇಯ ಒಡಹುಟ್ಟು ಅದು. ಕಾಲೊತ್ತಿದ ಕೂಡಲೇ ಎಳೆಯುತ್ತದೆ, ಅಷ್ಟರಲ್ಲಿ ಹಿಂದಿನ ಟರ್ಬೊ ಸಿದ್ಧವಾಗಿರುತ್ತದೆ. ವೇಗ ಏರುವಾಗ ಭಾರ ಹಿಂದಕ್ಕೆ ವಾಲುವುದರಿಂದ ಹೆಚ್ಚಿನ ಶಕ್ತಿ ಅಲ್ಲೇ ಇರುವುದು ನ್ಯಾಯ. ಹೇಗಿದ್ದರೂ ಮುಂದಿನ ಟೈರುಗಳಿಗೆ ತಿರುಗಿಸುವ ಕೆಲಸವೂ ಇದೆಯಲ್ಲ!

ಇಷ್ಟೆಲ್ಲ ಬಿಡಿಸಿದರೂ ಗಿಯರ್‌ಬಾಕ್ಸ್ ಸೇರಿ ಇನ್ನೂರು ಕಿಲೋಗೂ ಮಿಕ್ಕ ಭಾರ ಮೈಮೇಲೆ ಬರುತ್ತದೆ. ಒಗಟು ಬಿಡಿಸುವ ಸುಖ ಬೇಕಾದವರು ಇದಕ್ಕೆ ಕೈಹಾಕಲಿ. ನಾಲ್ಕೂ ಚಕ್ರ ಎಳೆಯುವ ಕಾರಷ್ಟೇ ಬೇಕಾದವರಿಗೆ, ಇದೇ 3ಎಸ್-ಜಿಟಿಇ ಎಂಜಿನ್ನಿನ ಸೆಲಿಕಾ ಜಿಟಿ-ಫೋರ್ ಕಾರನ್ನು ಟೊಯೋಟಾ ಆಗಲೇ ಮಾಡಿ ಮಾರಿತ್ತು. 1990ರಲ್ಲಿ ಕಾರ್ಲೋಸ್ ಸೈನ್ಜ್ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು ಅದರಲ್ಲಿ, ಒಂದೇ ಎಂಜಿನ್ನಿನಲ್ಲಿ.