ರಸಿಕರ ನೆನಪಿನಲ್ಲಿ ಜಯಸಿಂಹ

ಆಟಗಾರನೊಬ್ಬನು ಕಾಲವಶನಾದ ಮೇಲೆ ಅವನನ್ನು ಕಣ್ಣಾರೆ ಕಂಡವರು ಯಾವುದನ್ನು ನೆನೆಯುತ್ತಾರೆ, ಯಾವುದನ್ನು ಮರೆಯುತ್ತಾರೆ ಎಂಬ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ನೆನಪೂ ಒಂದು ಬಗೆಯ ವಿಮರ್ಶೆಯೇ ಆಗಿರುವುದರಿಂದ, ಕಾವ್ಯದ ವಿಮರ್ಶೆಗೆ ನಾವು ಯಾವ ನ್ಯಾಯವನ್ನು ಅನ್ವಯಿಸುತ್ತೇವೆಯೋ ಅದೇ ನ್ಯಾಯವನ್ನು ಇದಕ್ಕೂ ಅನ್ವಯಿಸಬೇಕಾಗುತ್ತದೆ. ಈ ವಿಚಾರಕ್ಕೆ ಹೈದರಾಬಾದಿನ ಎಂ. ಎಲ್. ಜಯಸಿಂಹರಿಗಿಂತ ತಕ್ಕ ಉದಾಹರಣೆ ನನಗೆ ಕಾಣದು. 1939ರ ಮಾರ್ಚ್ 3ರಂದು ಸಿಕಂದರಾಬಾದಿನಲ್ಲಿ ಹುಟ್ಟಿ, 1999ರ ಜುಲೈ 6ರಂದು, ಅರುವತ್ತನೆಯ ವಯಸ್ಸಿನಲ್ಲಿ, ಅರ್ಬುದ ರೋಗಕ್ಕೆ ತುತ್ತಾಗಿ ತೀರಿಕೊಂಡ ಈ ದಾಂಡಿಗರನ್ನು ಅವರ ಊರಿನವರು ಇಂದಿಗೂ ನೆನೆಯುವ ರೀತಿಯಲ್ಲಿ ಅಪಾರವಾದ ಪ್ರೀತಿಯಿದೆ. ಆ ಪ್ರೀತಿಯಲ್ಲಿಯೇ ಒಂದು ದೊಡ್ಡ ಲೋಪವೂ ಇದೆ.

ಅವರ ಹೆಸರಿನ ಮೊದಲಕ್ಷರದಲ್ಲಿ ಅಡಗಿರುವ ಮೋಟಗಾನಹಳ್ಳಿ ನಮ್ಮ ಮಾಗಡಿ ಸೀಮೆಯ ಊರು, ಪಂಡಿತರ ಹೆಸರುಗಳ ಮೂಲಕ ಕನ್ನಡದ ಓದುಗರಿಗೆ ಪರಿಚಿತವಾದದ್ದು. ಆದರೆ ಜಯಸಿಂಹರು ಸರ್ವಾರ್ಥದಲ್ಲಿಯೂ ಹೈದರಾಬಾದಿನವರು. ಅವರ ನೆನಪಿನ ಭೂಮಿಯನ್ನು ನೋಡಬೇಕೆಂಬವರು ನಾಂಪಲ್ಲಿಗೆ ಹೋಗಬೇಕು. ವಾಡಿ, ತಾಂಡೂರುಗಳ ಮಾರ್ಗವಾಗಿ ಬರುವ ರೈಲಿನಿಂದ ಕಲಬುರಗಿಯ ಕಡೆಯ ಕನ್ನಡಿಗರು ಇಳಿಯುತ್ತಿದ್ದುದು ನಾಂಪಲ್ಲಿಯ ನಿಲ್ದಾಣದಲ್ಲಿಯೇ. ಅಲ್ಲಿಂದ ಹೊರಬಿದ್ದು ಬಾಗೆ ಆಮ್‌ನ ಮರಗಳ ನೆರಳನ್ನು ದಾಟಿ, ವಿಧಾನಸಭೆಯ ಕಟ್ಟಡವನ್ನು ಹಾದು ನಡೆದರೆ ಫತೇ ಮೈದಾನ ಎದುರಾಗುತ್ತದೆ. ಕಲಬುರಗಿ, ರಾಯಚೂರು, ಬೀದರುಗಳು ಇನ್ನೂ ಹೈದರಾಬಾದು ರಾಜ್ಯದಲ್ಲಿಯೇ ಇದ್ದ 1955ರ ನವೆಂಬರಿನಲ್ಲಿ ನ್ಯೂಜಿಲೆಂಡಿನ ಎದುರು ಇಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದು, ಪಾಲಿ ಉಮ್ರಿಗರ್ 223 ರನ್ ಹೊಡೆದು ಭಾರತದ ಪರವಾಗಿ ಪ್ರಥಮ ದ್ವಿಶತಕವನ್ನು ದಾಖಲಿಸಿದರು. 1967ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರ ಹೆಸರನ್ನು ಪಡೆದ ಈ ಕ್ರೀಡಾಂಗಣದಿಂದ ದೊಡ್ಡ ಪಂದ್ಯಗಳು ಉಪ್ಪಲಿಗೆ ಹೋಗಿ ಬಹುಕಾಲವಾಯಿತು. ಆದರೂ ಸುತ್ತಣ ಇರಾನಿ ಹೋಟೆಲುಗಳಲ್ಲಿ ಚಹದ ಬಟ್ಟಲನ್ನೂ ಉಸ್ಮಾನಿಯಾ ಬಿಸ್ಕತ್ತನ್ನೂ ಮುಂದಿಟ್ಟುಕೊಂಡ ಹಿರಿಯರ ಬಾಯಲ್ಲಿ ಕ್ರಿಕೆಟ್ಟಿನ ಮಾತು ಬಂದರೆ ಅದು ತಿರುಗಿ ತಿರುಗಿ ಬಂದು ಸೇರುವುದು ಜಯಸಿಂಹರಲ್ಲಿಯೇ.

ಅವರು ಹೇಳುವುದಾದರೂ ಏನನ್ನು? ನೀಳವಾದ ತೆಳುಕಾಯ, ಮಣಿಕಟ್ಟಿನವರೆಗೂ ಗುಂಡಿ ಹಾಕಿದ ತೋಳಿನ ರೇಷ್ಮೆಯ ಅಂಗಿ, ಮೇಲಕ್ಕೆತ್ತಿ ನಿಲ್ಲಿಸಿದ ಕೊರಳಪಟ್ಟಿ, ಕೊರಳಿಗೆ ಸುತ್ತಿದ ಕರವಸ್ತ್ರ, ಅವಸರವೆಂಬುದನ್ನೇ ಅರಿಯದ ನಡಿಗೆ. ಪೆವಿಲಿಯನ್ನಿನಿಂದ ಕ್ರೀಸಿನವರೆಗಿನ ಆ ನಡಿಗೆಯನ್ನು ವರ್ಣಿಸುವವರು ಅನಂತರ ಅವರು ಹೊಡೆದ ರನ್ನುಗಳೆಷ್ಟೆಂಬುದನ್ನು ಹೇಳಲು ಮರೆತರೆ ಅದು ಆಶ್ಚರ್ಯವಲ್ಲ. ಮುಂದೊಂದು ಕಾಲಕ್ಕೆ ಅಜರುದ್ದೀನರ ಕೊರಳಪಟ್ಟಿ ಮೇಲೆದ್ದು ನಿಂತಾಗ ಊರಿನ ಹಿರಿಯರ ಕಣ್ಣಿಗೆ ಅದು ಜಯಸಿಂಹರಿಂದ ಬಂದ ಆಸ್ತಿಯೆಂದೇ ತೋರಿತು.

ಇಂತಹ ಸ್ಮರಣೆಯನ್ನು ಹಗುರವಾಗಿ ಕಾಣುವುದು ತಪ್ಪು. ಜಯಸಿಂಹರು 39 ಟೆಸ್ಟ್ ಪಂದ್ಯಗಳಲ್ಲಿ 2056 ರನ್ ಗಳಿಸಿದರು, ಸರಾಸರಿ 30.68, ಶತಕಗಳು ಮೂರು. ಅಂಕಿಗಳನ್ನು ಮಾತ್ರ ನೋಡುವವನಿಗೆ ಇದು ಮಧ್ಯಮ ದರ್ಜೆಯ ಆರಂಭಿಕ ಆಟಗಾರನೊಬ್ಬನ ಲೆಕ್ಕವಾಗಿ ತೋರೀತು. ಆದರೆ ಮನೆಮನೆಗೆ ದೂರದರ್ಶನ ಬಾರದಿದ್ದ ಆ ಕಾಲದಲ್ಲಿ, ಬಾನುಲಿಯ ವೀಕ್ಷಕ ವಿವರಣೆ ಗಾಳಿಯಲ್ಲಿ ಕರಗಿಹೋದ ಮೇಲೆ, ಒಂದು ಹೊಡೆತದ ಚೆಲುವಿಗೆ ಪ್ರೇಕ್ಷಕನ ಕಣ್ಣಿನ ಹೊರತು ಬೇರೆ ಸಾಕ್ಷಿ ಇರಲಿಲ್ಲ. ಅಂಕಪಟ್ಟಿ ಎಂದಿಗೂ ಹೇಳಲಾರದುದನ್ನು ಈ ಹಿರಿಯರ ಬಾಯ್ಮಾತು ಅರ್ಧಶತಮಾನಕ್ಕೂ ಮೀರಿ ಕಾಪಾಡಿಕೊಂಡು ಬಂದಿದೆ. ಅಷ್ಟರಮಟ್ಟಿಗೆ ಅದು ಆಟದ ಇತಿಹಾಸಕ್ಕೆ ಸಂದ ನಿಜವಾದ ಸೇವೆ.

ದೋಷವಿರುವುದು ಎಲ್ಲಿ ಎಂದರೆ, ಈ ಸ್ಮರಣೆ ಅಲಂಕಾರದಲ್ಲಿಯೇ ನಿಂತುಬಿಡುತ್ತದೆ. ನಮ್ಮ ಕಾವ್ಯಮೀಮಾಂಸಕರು ಅಲಂಕಾರಕ್ಕಿಂತ ಔಚಿತ್ಯವನ್ನು ಮೇಲೆಂದು ಬಗೆದರು: ಎಲ್ಲಿ ಯಾವುದು ತಕ್ಕದ್ದೋ ಅಲ್ಲಿ ಅದನ್ನೇ ನೆಲೆಗೊಳಿಸುವ ವಿವೇಕವಿಲ್ಲದಿದ್ದರೆ ಎಂತಹ ಆಭರಣವೂ ಹೊರೆಯೇ ಎಂಬುದು ಅವರ ನಿಲುವು. ಜಯಸಿಂಹರ ಆಟವನ್ನು ಇಡಿಯಾಗಿ ನೋಡಿದವರಿಗೆ, ಅವರು ಅಲಂಕಾರದ ಕವಿಗಳಾಗಿದ್ದುದಕ್ಕಿಂತ ಹೆಚ್ಚಾಗಿ ಔಚಿತ್ಯದ ಕವಿಗಳಾಗಿದ್ದರೆಂಬುದು ಸ್ಪಷ್ಟವಾಗುತ್ತದೆ. ರೇಷ್ಮೆಯ ಅಂಗಿಯನ್ನು ಕೊಂಡಾಡುವವರು ಆ ಅಂಗಿ ಬೆವರಿನಲ್ಲಿ ತೊಯ್ದ ದಿನಗಳನ್ನೂ ಹೇಳಬೇಕಾಗಿತ್ತು.

ಆ ದಿನಗಳಲ್ಲಿ ಮೊದಲನೆಯವು 1960ರ ಜನವರಿಯಲ್ಲಿ, ರಿಚಿ ಬೆನೋ ನಾಯಕತ್ವದ ಆಸ್ಟ್ರೇಲಿಯದ ಎದುರು, ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಸಂದವು. ಹಿಂದಿನ ವರ್ಷ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟನ್ನು ಆಡಿದ್ದ ಇಪ್ಪತ್ತರ ತರುಣ, ಮೊದಲ ದಿನದ ಸಂಜೆ ಕೆಳಗಿನ ಕ್ರಮಾಂಕದಲ್ಲಿ ಕ್ರೀಸಿಗೆ ಬಂದು, ಎರಡನೆಯ ದಿನ ಒಂದೊಂದಾಗಿ ಬೀಳುತ್ತಿದ್ದ ಸಂಗಡಿಗರನ್ನು ಕಾಣುತ್ತ 20 ರನ್ನಿನೊಡನೆ ಅಜೇಯರಾಗಿ ಉಳಿದರು. ಮೂರನೆಯ ದಿನದ ಕೊನೆಗೆ ಎರಡನೆಯ ಇನಿಂಗ್ಸಿಗಾಗಿ ಮರಳಿ ಇಳಿದು, ನಾಲ್ಕನೆಯ ದಿನವನ್ನೆಲ್ಲ ಆ ನೆಲದ ಮೇಲೆಯೇ ಕಳೆದು, ಐದನೆಯ ದಿನ 74 ರನ್ನಿಗೆ ಔಟಾದರು. ಒಂದು ಟೆಸ್ಟಿನ ಐದು ದಿನಗಳಲ್ಲಿಯೂ ಬ್ಯಾಟು ಹಿಡಿದು ನಿಂತ ಪ್ರಥಮ ಆಟಗಾರರು ಅವರೇ. ಪಂದ್ಯ ಸಮವಾಗಿ ಮುಗಿಯಿತು. ಈ ಐದು ದಿನಗಳಲ್ಲಿ ರಮ್ಯವಾದ ಹೊಡೆತಗಳನ್ನು ಹುಡುಕುವವನಿಗೆ ನಿರಾಶೆ ಕಾದಿರುತ್ತದೆ. ಚೆಂಡನ್ನು ಬಿಡಬೇಕಾದಲ್ಲಿ ಬಿಟ್ಟು, ತಡೆಯಬೇಕಾದಲ್ಲಿ ತಡೆದು, ಬೆನೋನಂಥ ಲೆಗ್‌ಸ್ಪಿನ್ನರನ ಕೈಯನ್ನು ಓದುತ್ತ ಗಂಟೆಗಟ್ಟಲೆ ನಿಲ್ಲುವ ತಪಸ್ಸು ಅಲ್ಲಿರುವುದು.

ಅದೇ ವರ್ಷದ ಕೊನೆಯಲ್ಲಿ ಕಾನಪುರದಲ್ಲಿ ಪಾಕಿಸ್ತಾನದ ಎದುರು ಎಂಟು ಗಂಟೆಗೂ ಮೀರಿ ಆಡಿ 99 ರನ್ನಿನಲ್ಲಿ ಅವರು ರನೌಟಾದ ಇನಿಂಗ್ಸನ್ನು ಅಭಿಮಾನಿಗಳು ನೆನೆಯುವುದೇ ಅಪೂರ್ವ. ನೆನೆದರೂ ಒಂದು ರನ್ನಿನ ದುರದೃಷ್ಟಕ್ಕಾಗಿ ಮರುಗಿ ಮುಂದೆ ಸಾಗುತ್ತಾರೆ. ವಿಮರ್ಶಕನು ಇಲ್ಲಿ ಕೊಂಚ ನಿಲ್ಲಬೇಕು. ಆ ಸರಣಿಯ ಐದು ಪಂದ್ಯಗಳೂ ಸಮವಾಗಿಯೇ ಮುಗಿದವು. ಎರಡು ದೇಶಗಳೂ ಸೋಲಿಗೆ ಅಂಜಿದ್ದರಿಂದ ಆಟ ತನ್ನ ಸಹಜವಾದ ಉಲ್ಲಾಸವನ್ನು ಕಳೆದುಕೊಂಡಿತ್ತು. ಜಯಸಿಂಹರ ಆ ನಿಧಾನ ಅವರ ಕಾಲದ ಅಂಜಿಕೆಗೆ ಒಳಗಾದದ್ದೆಂಬುದನ್ನು ಒಪ್ಪಲೇಬೇಕು. ಅದನ್ನು ಅವರ ಶ್ರೇಷ್ಠ ಇನಿಂಗ್ಸೆಂದು ನಾನು ಎಣಿಸುವುದಿಲ್ಲ. ಆದರೆ ತನ್ನ ಪ್ರಕೃತಿಗೆ ವಿರುದ್ಧವಾದ ಕಾರ್ಯವನ್ನು ತಂಡ ಬಯಸಿತೆಂದು ಒಪ್ಪಿಕೊಂಡು ದಿನವಿಡೀ ನಿಗ್ರಹದಿಂದ ನಡೆಸಿದ ಮನುಷ್ಯನ ಚಿತ್ರವನ್ನು ಅಳಿಸಿಬಿಟ್ಟರೆ, ಉಳಿಯುವ ಜಯಸಿಂಹರು ಅರ್ಧ ಜಯಸಿಂಹರು. ಗಾಯಕನ ಬಿರ್ಕಾಗಳನ್ನು ಹೊಗಳಿ ಅವನ ಶ್ರುತಿಶುದ್ಧಿಯ ಮಾತೆತ್ತದ ಕೇಳುಗನಂತೆ, ಇಲ್ಲಿ ಅಭಿಮಾನವೇ ಅಭಿಮಾನದ ವಿಷಯವನ್ನು ಕುಗ್ಗಿಸುತ್ತದೆ.

ಈ ಎರಡು ಮುಖಗಳೂ ಒಂದಾದದ್ದು 1968ರ ಜನವರಿಯಲ್ಲಿ, ಬ್ರಿಸ್ಬೇನಿನಲ್ಲಿ. ಆಸ್ಟ್ರೇಲಿಯಕ್ಕೆ ಹೊರಟ ಮೂಲ ತಂಡದಲ್ಲಿ ಜಯಸಿಂಹರಿಗೆ ಸ್ಥಾನವಿರಲಿಲ್ಲ. ನಮ್ಮ ಮೈಸೂರು ರಾಜ್ಯದ ಚಂದ್ರಶೇಖರ್ ಗಾಯಗೊಂಡು ಹಿಂದಿರುಗಬೇಕಾಗಿ ಬಂದಾಗ ಅವರನ್ನು ಕರೆಸಲಾಯಿತು. ಹೊಸ ನೆಲಕ್ಕೂ ಹೊಸ ಬೆಳಕಿಗೂ ಒಗ್ಗಿಕೊಳ್ಳಲು ಬೇಕಾದಷ್ಟು ಅವಕಾಶವೂ ಇಲ್ಲದೆ ಮೂರನೆಯ ಟೆಸ್ಟಿಗೆ ಇಳಿದ ಅವರು ಮೊದಲ ಇನಿಂಗ್ಸಿನಲ್ಲಿ 74, ಎರಡನೆಯದರಲ್ಲಿ 101 ರನ್ ಗಳಿಸಿದರು. ಗೆಲುವಿಗೆ 395 ಬೇಕಾಗಿದ್ದ ಭಾರತ 355ಕ್ಕೆ ಮುಗಿದು 39 ರನ್ನುಗಳಿಂದ ಸೋತಿತು. ಗೆಲುವಿನ ಶತಕವಾಗದಿದ್ದರೂ, ಕಲ್ಕತ್ತೆಯ ತಾಳ್ಮೆ ಬ್ರಿಸ್ಬೇನಿನಲ್ಲಿ ಚೆಲುವಾಗಿ ಅರಳಿತೆಂಬುದನ್ನು ಅರಿಯದವನು ಈ ದಾಂಡಿಗರ ಸೊಗಸಿನ ಗುಟ್ಟನ್ನು ಅರಿಯಲಾರನು. ಅವರ ಸೊಗಸು ಹುಟ್ಟಿನಿಂದ ಬಂದದ್ದೆಂಬ ಜನಪ್ರಿಯ ಮಾತಿಗೆ ಇದಕ್ಕಿಂತ ಬಲವಾದ ಉತ್ತರ ಬೇಕಿಲ್ಲ.

ಪ್ರೇಕ್ಷಕರ ಈ ನೆನಪಿಗೆ ಪಕ್ಕದಲ್ಲಿಯೇ ಹರಿಯುವ ಇನ್ನೊಂದು ನೆನಪಿನ ಧಾರೆಯುಂಟು. ಅದು ಜೊತೆಯ ಆಟಗಾರರದು, ಮತ್ತು ನನ್ನ ಎಣಿಕೆಯಲ್ಲಿ ಹೆಚ್ಚು ತೂಕದ್ದು. 1954-55ರಲ್ಲಿ, ಇನ್ನೂ ಹುಡುಗರಾಗಿದ್ದಾಗಲೇ, ರಣಜಿ ಟ್ರೋಫಿಯಲ್ಲಿ ಕಾಲಿಟ್ಟು, ಪ್ರಥಮ ದರ್ಜೆಯ ಆಟದಲ್ಲಿ 13,516 ರನ್ನುಗಳನ್ನೂ 33 ಶತಕಗಳನ್ನೂ ಗಳಿಸಿ, ಮಧ್ಯಮ ವೇಗದ ಬೌಲಿಂಗಿನಿಂದ 431 ವಿಕೆಟುಗಳನ್ನು ಕೂಡ ಪಡೆದ ಜಯಸಿಂಹರು ಒಂದು ದಶಕಕ್ಕೂ ಮೀರಿ ಹೈದರಾಬಾದನ್ನು ನಡೆಸಿದರು. ಭಾರತದ ನಾಯಕರಾಗಿದ್ದ ಪಟೌಡಿಯ ಮನ್ಸೂರ್ ಅಲಿ ಖಾನರು ಹೈದರಾಬಾದಿನ ತಂಡದಲ್ಲಿ ಜಯಸಿಂಹರ ಕೈಕೆಳಗೆ ಆಡುತ್ತಿದ್ದರೆಂಬ ಒಂದೇ ಸಂಗತಿ ಆ ನಾಯಕತ್ವದ ಘನತೆಯನ್ನು ಹೇಳಲು ಸಾಕು. ಮದರಾಸಿನಿಂದ ಬಂದು ಆ ತಂಡದಲ್ಲಿ ಆಫ್‌ಸ್ಪಿನ್ ಮಾಡಿದ ವಿ. ರಾಮನಾರಾಯಣರು ಮುಂದೆ ಬರಹಗಾರರಾಗಿ ತಮ್ಮ ನಾಯಕನನ್ನು ಗೌರವದಿಂದ ಚಿತ್ರಿಸಿದ್ದಾರೆ. ಸುನಿಲ್ ಗಾವಸ್ಕರರು ತಮ್ಮ ಆದರ್ಶ ಆಟಗಾರರನ್ನು ಕುರಿತು ಬರೆದ ‘ಐಡಲ್ಸ್’ ಗ್ರಂಥದಲ್ಲಿ ಜಯಸಿಂಹರಿಗೆ ಸ್ಥಾನವಿದೆ. ಅದಕ್ಕಿಂತಲೂ ಮಿಗಿಲಾಗಿ, ಅವರು ತಮ್ಮ ಮಗನಿಗೆ ರೋಹನ್ ಜೈವಿಶ್ವ ಎಂದು ಹೆಸರಿಟ್ಟು, ರೋಹನ್ ಕನ್ಹಾಯ್ ಹಾಗೂ ನಮ್ಮ ಗುಂಡಪ್ಪ ವಿಶ್ವನಾಥರ ನಡುವೆ ಜಯಸಿಂಹರನ್ನು ನಿಲ್ಲಿಸಿದರು. 1971ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಗಾವಸ್ಕರರು 774 ರನ್ನುಗಳೊಡನೆ ಉದಯಿಸುತ್ತಿದ್ದಾಗ ಜಯಸಿಂಹರು ತಮ್ಮ ಕೊನೆಯ ಟೆಸ್ಟುಗಳನ್ನು ಆಡುತ್ತಿದ್ದರು, ರನ್ನುಗಳು ಬರುತ್ತಿರಲಿಲ್ಲ. ಆದರೂ ಆ ಕಿರಿಯರು ಅವರಲ್ಲಿ ಗೌರವಿಸಬೇಕಾದುದನ್ನು ಕಂಡರು. ಅಂಗಿಯ ರೇಷ್ಮೆಯಿಂದ ಇಷ್ಟು ಆಳವಾದ ಗೌರವ ಹುಟ್ಟದು.

ಇನ್ನು ಅಭಿಮಾನಿಗಳ ಕೊರಗಿನ ವಿಷಯ. ಭಾರತದ ನಾಯಕತ್ವ ಅವರಿಗೆ ದೊರೆಯಲಿಲ್ಲ, ರಣಜಿ ಟ್ರೋಫಿ ಕೈಗೂಡಲಿಲ್ಲ ಎಂಬೀ ಎರಡು ದುಃಖಗಳು ನಾಂಪಲ್ಲಿಯ ಮಾತುಗಳಲ್ಲಿ ಇಂದಿಗೂ ಮರುಕಳಿಸುತ್ತವೆ. 1964-65ರಲ್ಲಿ ಅಂತಿಮ ಪಂದ್ಯವನ್ನು ಮುಟ್ಟಿ ಮುಂಬಯಿಗೆ ಮಣಿದ ಹೈದರಾಬಾದು, 1986-87ರಲ್ಲಿ ಎಂ. ವಿ. ನರಸಿಂಹರಾಯರ ನಾಯಕತ್ವದಲ್ಲಿ ಆ ಪ್ರಶಸ್ತಿಯನ್ನು ಪಡೆಯುವ ವೇಳೆಗೆ ಜಯಸಿಂಹರು ಆಟದಿಂದ ನಿವೃತ್ತರಾಗಿ ಹತ್ತು ವರ್ಷಗಳ ಮೇಲಾಗಿತ್ತು. ಕೊರಗು ಸಹಜವಾದದ್ದೇ. ಆದರೆ ಸಿಗದ ಪದವಿಗಳ ಪಟ್ಟಿಯನ್ನು ಓದುವುದರಲ್ಲಿಯೇ ತೊಡಗಿದರೆ, ಅವರು ಕಟ್ಟಿದ ತಂಡದ ಲೆಕ್ಕ ಹಿಂದೆ ಬೀಳುತ್ತದೆ: 1971ರ ವೆಸ್ಟ್ ಇಂಡೀಸ್ ವಿಜಯಯಾತ್ರೆಗೆ ಜಯಸಿಂಹ, ಆಬಿದ್ ಅಲಿ, ಕೃಷ್ಣಮೂರ್ತಿ, ಜಯಂತಿಲಾಲ್, ಗೋವಿಂದರಾಜ್ ಎಂದು ಒಂದೇ ಊರು ಐವರನ್ನು ಕಳುಹಿಸಿತೆಂಬುದು ಯಾವ ಬೆಳ್ಳಿಯ ಬಟ್ಟಲಿಗಿಂತ ಕಡಿಮೆಯ ಗೌರವ?

ಮೃತರನ್ನು ಹೊಗಳುವುದು ಸುಲಭ. ಅವರನ್ನು ಇಡಿಯಾಗಿ ನೆನೆಯುವುದು ಕಷ್ಟ. ಜಯಸಿಂಹರನ್ನು ಕಂಡ ತಲೆಮಾರು ಈಗ ಬಹುಮಟ್ಟಿಗೆ ಹಣ್ಣಾಗಿದೆ, ಅವರ ಮಾತು ನಿಂತಮೇಲೆ ಕಿರಿಯರಿಗೆ ಉಳಿಯುವುದು ಅವರು ಆರಿಸಿಕೊಟ್ಟಷ್ಟೇ. ರೇಷ್ಮೆಯನ್ನೂ ಕೊರಳಪಟ್ಟಿಯನ್ನೂ ಮಾತ್ರ ದಾಟಿಸಿದರೆ ಹುಡುಗರು ವೇಷವನ್ನು ಕಲಿತಾರು. ಈಡನ್ ಗಾರ್ಡನ್ಸ್‌ನ ಐದು ದಿನಗಳನ್ನೂ ಕಾನಪುರದ ನಿಗ್ರಹವನ್ನೂ ಬ್ರಿಸ್ಬೇನಿನ ಎರಡು ಇನಿಂಗ್ಸುಗಳನ್ನೂ ಅದರೊಡನೆ ಹೇಳಿದರೆ, ಸೊಗಸೆಂಬುದು ಸಂಯಮದ ಫಲವೆಂಬ, ಯಾವ ಕಲೆಗೂ ಸಲ್ಲುವ ಪಾಠವನ್ನು ಕಲಿಯುತ್ತಾರೆ. ಫತೇ ಮೈದಾನದ ರಸಿಕರಲ್ಲಿ ಆ ಹೇಳುವ ಶಕ್ತಿ ಇದೆ, ಪ್ರೀತಿಯಂತೂ ಬೇಕಾದಷ್ಟಿದೆ; ಪ್ರೀತಿಗೆ ವಿವೇಚನೆ ಕೂಡಿದಾಗ ಮಾತ್ರ ಅವರ ಸ್ಮರಣೆ ಜಯಸಿಂಹರ ಆಟದಷ್ಟೇ ಎತ್ತರಕ್ಕೆ ಏರುತ್ತದೆ.